‘ರಾಡ್ ಹಾಕ್ಬೇಕು’ ಅಂದರೆ ಏನು? ಮುರಿದ ಮೂಳೆಯೊಳಗೆ ಲೋಹ ಮಾಡುವ ಕೆಲಸ

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಜ್ಜಿ ಜಾರಿ ಬೀಳುತ್ತಾರೆ. ಅಥವಾ ಮಗ ಬೈಕಿನಿಂದ ಬಿದ್ದ ಅಂತ ರಾತ್ರಿ ಹತ್ತು ಗಂಟೆಗೆ ಫೋನ್ ಬರುತ್ತದೆ. ಎಕ್ಸ್-ರೇ ಆಗುತ್ತದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಪ್ಲಾಸ್ಟರಲ್ಲಿ ಆಗಲ್ಲ, ಆಪರೇಷನ್ ಮಾಡಿ ರಾಡ್ ಹಾಕ್ಬೇಕು’ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಸಹಿ ಹಾಕುವ ಕಾಗದ ಕೈಗೆ ಬರುತ್ತದೆ. ಪ್ಲೇಟು, ನೈಲು, ಸ್ಕ್ರೂ, ಸ್ಟೀಲು, ಟೈಟಾನಿಯಂ ಅಂತ ಏನೇನೋ ಮಾತು ಕಿವಿಗೆ ಬೀಳುತ್ತದೆ. ಅಷ್ಟರಲ್ಲಿ ಊರಿಂದ ಚಿಕ್ಕಪ್ಪ ಫೋನ್ ಮಾಡಿ, ‘ಆಪರೇಷನ್ ಯಾಕೋ, ಪುತ್ತೂರು ಕಟ್ಟು ಹಾಕಿಸ್ರೋ’ ಅಂದಿರುತ್ತಾರೆ.

ಆ ಗಡಿಬಿಡಿಯಲ್ಲಿ ಬಿಡಿಸಿ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹೇಳಲು ಡಾಕ್ಟರಿಗೂ ಇರುವುದಿಲ್ಲ. ಹಾಗಾಗಿ ಇಲ್ಲಿ ನಿಧಾನವಾಗಿ, ಬುಡದಿಂದ ನೋಡೋಣ.

ಮೂಳೆಯನ್ನು ಕೂಡಿಸುವುದು ಯಾರು?

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೋಡಿದ್ದೀರಲ್ವಾ? ಸಸಿಯ ಕಾಂಡವನ್ನು ಸೀಳಿ, ಒಳ್ಳೆಯ ತಳಿಯ ಕಡ್ಡಿಯನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಎರಡನ್ನೂ ಒಂದು ಮಾಡುವುದು ಗಿಡವೇ. ಪಟ್ಟಿ ಬರೀ ಅಲುಗದಂತೆ ಹಿಡಿದಿರುತ್ತದೆ. ಸಡಿಲ ಕಟ್ಟಿದರೆ ಕಸಿ ಕೂಡುವುದಿಲ್ಲ. ಬಿಗಿ ಮಾಡುವ ಭರದಲ್ಲಿ ತೊಗಟೆ ಜಜ್ಜಿಹೋದರೂ ಕೂಡುವುದಿಲ್ಲ.

ಮೂಳೆಯ ಆಪರೇಷನ್ನೂ ಹೆಚ್ಚುಕಡಿಮೆ ಇದೇ. ರಾಡು, ಪ್ಲೇಟು ಯಾವುದೂ ಮೂಳೆಯನ್ನು ಬೆಸೆಯುವುದಿಲ್ಲ. ಮೂಳೆ ತಾನೇ ಬೆಸೆದುಕೊಳ್ಳುವ ತನಕ ಹಿಡಿದುಕೊಂಡು ನಿಲ್ಲುತ್ತವೆ, ಅಷ್ಟೇ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಮೂಳೆ ಮುರಿದ ಕೂಡಲೇ ಅಲ್ಲಿ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೇ ರಿಪೇರಿ ಕೆಲಸ ಶುರುವಾಗುತ್ತದೆ. ಎರಡು ಮೂರು ವಾರದಲ್ಲಿ ಮುರಿದ ತುದಿಗಳ ನಡುವೆ ಮೆತ್ತಗಿನ ಗಂಟೊಂದು ಬೆಳೆಯುತ್ತದೆ. ಕಿವಿಯ ಮೇಲ್ಭಾಗವನ್ನು ಮುಟ್ಟಿ ನೋಡಿ, ಬಗ್ಗಿದರೂ ಮುರಿಯದ ಆ ಕಾರ್ಟಿಲೇಜ್ ಜಾತಿಯದೇ ಅದರಲ್ಲಿ ಜಾಸ್ತಿ ಇರುತ್ತದೆ. ಅದಕ್ಕೆ ಕ್ಯಾಲ್ಸಿಯಂ ಸೇರುತ್ತಾ ಸೇರುತ್ತಾ 6ರಿಂದ 12 ವಾರಗಳಲ್ಲಿ ಗಟ್ಟಿ ಮೂಳೆಯಾಗುತ್ತದೆ. ಈ ಗಂಟಿಗೆ ಕ್ಯಾಲಸ್ ಎಂದು ಹೆಸರು. ಒಂದೆರಡು ತಿಂಗಳ ನಂತರ ತೆಗೆದ ಎಕ್ಸ್-ರೇಯಲ್ಲಿ ಮುರಿದ ಜಾಗದ ಸುತ್ತ ಬಿಳಿ ಮೋಡದಂತೆ ಕಾಣುವುದು ಇದೇ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇಹ ಆ ಗಂಟನ್ನು ಕೆತ್ತಿ ಹದ ಮಾಡುತ್ತಿರುತ್ತದೆ. ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಮತ್ತೆ ಮೂಳೆಯಾಗಿಯೇ ಕೂಡುತ್ತದೆ. ದೇಹದಲ್ಲಿ ಈ ಭಾಗ್ಯ ಎಲ್ಲ ಅಂಗಕ್ಕೂ ಇಲ್ಲ.

ತಾನೇ ಕೂಡುವುದಾದರೆ ಆಪರೇಷನ್ ಯಾಕೆ?

ಎಲ್ಲ ಮುರಿತಕ್ಕೂ ಬೇಡ. ಬಿರುಕು ಬಿಟ್ಟ ಮೂಳೆ ಜಾಗ ಬಿಟ್ಟು ಸರಿದಿಲ್ಲವಾದರೆ ಪ್ಲಾಸ್ಟರ್ ಸಾಕು. ನಮ್ಮ ಕಡೆ ಜನ ‘ಏರ್ ಕ್ರ್ಯಾಕ್ ಆಗಿದೆ’ ಅನ್ನುತ್ತಾರಲ್ಲ, ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಹೇರ್‌ಲೈನ್ ಕ್ರ್ಯಾಕ್, ಕೂದಲೆಳೆಯಂಥ ಬಿರುಕು. ಕಾಲರ್ ಮೂಳೆಯ ಬಹಳಷ್ಟು ಮುರಿತಗಳು ಕೈಯನ್ನು ಜೋಳಿಗೆ ಪಟ್ಟಿಯಲ್ಲಿ ಇಟ್ಟರೆ ವಾಸಿಯಾಗುತ್ತವೆ. ಮಕ್ಕಳ ಮೂಳೆಯಂತೂ ಸ್ವಲ್ಪ ಸೊಟ್ಟ ಕೂಡಿದರೂ ಬೆಳೆಯುತ್ತಾ ನೇರವಾಗುತ್ತದೆ.

ತೊಂದರೆ ಬರುವುದು ತುಂಡುಗಳು ಸರಿದು, ಹಿಡಿದಿಟ್ಟರೂ ನಿಲ್ಲದಿದ್ದಾಗ. ತೊಡೆಯ ಮೂಳೆ ತೆಗೆದುಕೊಳ್ಳಿ. ಅದರ ಸುತ್ತ ದೇಹದಲ್ಲೇ ಅತಿ ಬಲವಾದ ಸ್ನಾಯುಗಳಿವೆ. ಮೂಳೆ ತುಂಡಾದ ಕೂಡಲೇ ಅವು ಎರಡೂ ತುದಿಯನ್ನು ಎಳೆದು ಒಂದರ ಮೇಲೊಂದು ಹತ್ತಿಸಿಬಿಡುತ್ತವೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಮಧ್ಯೆ ದಪ್ಪ ಮಾಂಸ ಇದೆ, ಹಿಡಿತ ಮೂಳೆಯವರೆಗೆ ಹೋಗುವುದಿಲ್ಲ. ಹಿಂದೆ ಇಂಥವರನ್ನು ಕಾಲಿಗೆ ತೂಕ ಕಟ್ಟಿ, ಹಗ್ಗ ರಾಟೆ ಹಾಕಿ ಎರಡು ಮೂರು ತಿಂಗಳು ಮಂಚದ ಮೇಲೆ ಮಲಗಿಸುತ್ತಿದ್ದರು. ಮೂಳೆ ಕೂಡುತ್ತಿತ್ತು. ಆದರೆ ಅಷ್ಟರಲ್ಲಿ ಮೊಣಕಾಲು ಮರಗಟ್ಟಿ, ಸ್ನಾಯು ಸೊರಗಿ, ಬೆನ್ನಲ್ಲಿ ಹಾಸಿಗೆ ಹುಣ್ಣಾಗಿ ಮನುಷ್ಯ ಹಣ್ಣಾಗುತ್ತಿದ್ದ. ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು ಮತ್ತೆ ಆಗುತ್ತಿರಲಿಲ್ಲ.

ಇನ್ನೊಂದು ಸಂದರ್ಭ ಕೀಲಿನೊಳಗೆ ಹಾದುಹೋದ ಮುರಿತ. ಮೊಣಕಾಲು, ಹಿಮ್ಮಡಿಯ ಮೇಲಿನ ಕೀಲು, ಮಣಿಕಟ್ಟು, ಇವುಗಳ ಒಳಮೈ ಗಾಜಿನಷ್ಟು ನುಣುಪು. ಅಲ್ಲಿ ಒಂದೆರಡು ಮಿಲಿಮೀಟರ್ ಮೆಟ್ಟಿಲು ಉಳಿದರೂ ಕೀಲು ಪ್ರತಿ ಸಲ ಮಡಚುವಾಗ ಉಜ್ಜಿ ಸವೆಯುತ್ತದೆ. ಅದನ್ನು ಕಣ್ಣಾರೆ ನೋಡಿ ಮಟ್ಟ ಮಾಡಿ ಕೂರಿಸಬೇಕಾಗುತ್ತದೆ.

ಹಾಗಾದರೆ ಪುತ್ತೂರು ಕಟ್ಟು? (ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ.) ಸರಿಯದ ಮುರಿತಕ್ಕೆ ಹೊರಗಿನ ಯಾವ ಆಸರೆ ಕೊಟ್ಟರೂ ಮೂಳೆ ಕೂಡುತ್ತದೆ. ಕಟ್ಟಿನವರ ಹೆಸರು ನಿಂತಿರುವುದು ಬಹುಮಟ್ಟಿಗೆ ಇಂಥ ಮುರಿತಗಳ ಮೇಲೆ. ಸರಿದ, ಕೀಲಿನೊಳಗಿನ, ಚರ್ಮ ಹರಿದು ಹೊರಬಂದ ಮುರಿತಕ್ಕೆ ಅದು ಸಾಲುವುದಿಲ್ಲ. ಇನ್ನೊಂದು ಎಚ್ಚರಿಕೆ ಯಾರ ಕಟ್ಟಿಗೂ ಅನ್ವಯಿಸುತ್ತದೆ, ಆಸ್ಪತ್ರೆಯ ಪ್ಲಾಸ್ಟರಿಗೂ ಕೂಡ. ಕಟ್ಟಿದ ಮೇಲೆ ನೋವು ಕಡಿಮೆಯಾಗುವ ಬದಲು ತಡೆಯಲಾರದಷ್ಟು ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ಬಣ್ಣ ಬದಲಾದರೆ, ಬೆರಳನ್ನು ನೇರ ಮಾಡಿದಾಗ ಪ್ರಾಣ ಹೋದಷ್ಟು ನೋವಾದರೆ ಬೆಳಗಾಗಲಿ ಅಂತ ಕಾಯಬಾರದು. ಒಳಗೆ ಒತ್ತಡ ಏರಿ ರಕ್ತ ಓಡಾಡುತ್ತಿಲ್ಲ ಎಂದರ್ಥ. ಸ್ನಾಯು ಸಾಯಲು ಕೆಲವೇ ಗಂಟೆ ಸಾಕು.

ರಬ್ಬರ್ ಬ್ಯಾಂಡಿನ ಲೆಕ್ಕ

ಆಪರೇಷನ್ ಆದ ಮೇಲೆ ಎಕ್ಸ್-ರೇ ನೋಡಿ ಮನೆಯವರು ಗಾಬರಿಯಾಗುವುದುಂಟು. ‘ಚೂರುಗಳನ್ನ ಜೋಡಿಸೇ ಇಲ್ಲ, ಹಾಗೇ ಬಿಟ್ಟಿದ್ದಾರೆ!’ ಅದು ಎಷ್ಟೋ ಸಲ ಬೇಕೆಂದೇ ಬಿಟ್ಟದ್ದು. ಈ ಗುಟ್ಟು ತಿಳಿಯಲು ರಬ್ಬರ್ ಬ್ಯಾಂಡ್ ಬೇಕು.

1 ಸೆಂಟಿಮೀಟರ್ ಉದ್ದದ ರಬ್ಬರ್ ತುಂಡನ್ನು 1 ಸೆಂಟಿಮೀಟರ್ ಎಳೆಯಿರಿ. ಅದು ಎರಡರಷ್ಟಾಗಬೇಕು, ಹರಿದರೂ ಹರಿಯಬಹುದು. ಈಗ 10 ಸೆಂಟಿಮೀಟರಿನ ರಬ್ಬರನ್ನು ಅಷ್ಟೇ ಎಳೆಯಿರಿ. ಅದಕ್ಕೆ ಎಳೆದದ್ದೇ ಗೊತ್ತಾಗುವುದಿಲ್ಲ.

ಮುರಿದ ಸಂದಿಯಲ್ಲಿ ಬೆಳೆಯುವ ಎಳೆ ಮೂಳೆಗೂ ಇದೇ ಲೆಕ್ಕ. ಸ್ವಿಟ್ಜರ್ಲೆಂಡಿನ ಸಂಶೋಧಕ ಸ್ಟೀಫನ್ ಪೆರೆನ್ ಇದನ್ನು ಅಂಕಿಯಲ್ಲಿ ಹೇಳಿದರು. ಮೊದಲ ದಿನಗಳ ಮೆತ್ತಗಿನ ಅಂಗಾಂಶ ಎರಡರಷ್ಟು ಎಳೆದರೂ ತಾಳುತ್ತದೆ. ಕಾರ್ಟಿಲೇಜ್ ಸುಮಾರು ನೂರಕ್ಕೆ 10ರಷ್ಟು ಎಳೆತ ತಾಳುತ್ತದೆ. ಮೂಳೆ ತಾಳುವುದು ನೂರಕ್ಕೆ ಸುಮಾರು 2 ಮಾತ್ರ. ಅದಕ್ಕಿಂತ ಜಾಸ್ತಿ ಅಲುಗಾಟ ಇರುವಲ್ಲಿ ಮೂಳೆ ಹುಟ್ಟುವುದೇ ಇಲ್ಲ.

ಈಗ ಎರಡು ಮುರಿತ ಊಹಿಸಿಕೊಳ್ಳಿ. ಒಂದರಲ್ಲಿ ಮೂಳೆ ಕಬ್ಬಿನ ಜಲ್ಲೆಯಂತೆ ಎರಡೇ ತುಂಡಾಗಿದೆ. ಸಂದಿ 1 ಮಿಲಿಮೀಟರ್. ಅಲ್ಲಿ ಚೂರೇ ಚೂರು ಅಲುಗಿದರೂ ಆ ಸಣ್ಣ ಸಂದಿಯ ಪಾಲಿಗೆ ಅದು ಭಾರಿ ಎಳೆತ. ಇಲ್ಲಿ ತುದಿಗಳನ್ನು ಒತ್ತಿ ಹಿಡಿದು ಅಲುಗಾಟವನ್ನೇ ಇಲ್ಲವಾಗಿಸಬಹುದು. ಇನ್ನೊಂದರಲ್ಲಿ ಮೂಳೆ ಹತ್ತಾರು ಚೂರಾಗಿದೆ. ಅಲ್ಲಿನ ಅಲುಗಾಟ ಹತ್ತಾರು ಸಂದಿಗಳಿಗೆ ಹಂಚಿಹೋಗುತ್ತದೆ, ಒಂದೊಂದಕ್ಕೂ ಬೀಳುವುದು ಸ್ವಲ್ಪವೇ. ಇಲ್ಲಿ ಚೂರುಗಳನ್ನು ಮುಟ್ಟಲು ಹೋಗದೆ, ಮೇಲಿನ ಗಟ್ಟಿ ಭಾಗಕ್ಕೂ ಕೆಳಗಿನ ಗಟ್ಟಿ ಭಾಗಕ್ಕೂ ಸೇತುವೆ ಹಾಕಿದಂತೆ ಲೋಹ ಹಾಕಿ, ಉದ್ದ ಮತ್ತು ನೇರ ಸರಿ ಮಾಡಿದರೆ ಸಾಕು. ಚೂರುಗಳಿಗೆ ಅಂಟಿಕೊಂಡ ಮಾಂಸದಿಂದ ರಕ್ತ ಬರುತ್ತಿರುತ್ತದೆ. ಒಂದೊಂದನ್ನೇ ಬಿಡಿಸಿ ಜೋಡಿಸಲು ಹೋದರೆ ಆ ರಕ್ತ ತಪ್ಪುತ್ತದೆ. ತೊಗಟೆ ಜಜ್ಜಿದ ಕಸಿ ನೆನಪಿದೆಯಲ್ವಾ, ಹಾಗೆ.

ಒತ್ತಿ ಹಿಡಿದು ಚೂರೂ ಅಲುಗದಂತೆ ಮಾಡಿದ ಕಡೆ ಗಂಟೇ ಬೆಳೆಯುವುದಿಲ್ಲ. ಮೂಳೆಯ ಕಣಗಳು ಗೆದ್ದಲಿನಂತೆ ಸುರಂಗ ಕೊರೆದು ಈ ತುಂಡಿನಿಂದ ಆ ತುಂಡಿಗೆ ದಾಟುತ್ತವೆ, ಹಿಂದೆಯೇ ಬರುವ ಕಣಗಳು ಸುರಂಗವನ್ನು ಹೊಸ ಮೂಳೆಯಿಂದ ತುಂಬುತ್ತವೆ. ದಿನಕ್ಕೆ ಹೆಚ್ಚೆಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ನಿಧಾನ, ಆದರೆ ನೀಟು.

ಸ್ಕ್ರೂ ಮತ್ತು ಪ್ಲೇಟು

ಇಷ್ಟು ತಿಳಿದರೆ ಸಾಮಾನುಗಳನ್ನು ನೋಡಬಹುದು. ಸ್ಕ್ರೂ ಅಂದರೆ ಬಡಗಿಯ ಸ್ಕ್ರೂನ ತಮ್ಮನೇ. ಎರಡು ಹಲಗೆ ಸೇರಿಸುವಾಗ ಜಾಣ ಬಡಗಿ ಮೇಲಿನ ಹಲಗೆಯಲ್ಲಿ ಸ್ವಲ್ಪ ದೊಡ್ಡ ತೂತು ಕೊರೆಯುತ್ತಾನೆ. ಸ್ಕ್ರೂವಿನ ಹಲ್ಲು ಕೆಳಗಿನ ಹಲಗೆಯನ್ನು ಮಾತ್ರ ಹಿಡಿಯುತ್ತದೆ. ತಿರುಗಿಸಿದಷ್ಟೂ ಕೆಳಗಿನದು ಮೇಲಕ್ಕೆ ಬಂದು ಎರಡೂ ಅಂಟಿಕೊಳ್ಳುತ್ತವೆ. ಮೂಳೆಯಲ್ಲೂ ಹೀಗೇ ಮಾಡುತ್ತಾರೆ. ಅದಕ್ಕೆ ಲ್ಯಾಗ್ ಸ್ಕ್ರೂ ಎಂದು ಹೆಸರು. ಓರೆಯಾಗಿ ಸೀಳಿದ ಮೂಳೆಗೆ ಇದಕ್ಕಿಂತ ಬಿಗಿ ಹಿಡಿತ ಬೇರೆ ಇಲ್ಲ. ಆದರೆ ಒಂದೇ ಸ್ಕ್ರೂ ಬಗ್ಗುವ, ತಿರುಚುವ ಬಲ ತಾಳುವುದಿಲ್ಲ. ಅದರ ಕಾವಲಿಗೆ ಪ್ಲೇಟು ಬೇಕು.

ಪ್ಲೇಟು ತೂತುಗಳಿರುವ ಲೋಹದ ಪಟ್ಟಿ. ಮೂಳೆಯ ಮೇಲೆ ಇಟ್ಟು ಎರಡೂ ಬದಿ ಸ್ಕ್ರೂ ಹಾಕುತ್ತಾರೆ. ಅದರ ತೂತನ್ನು ಹತ್ತಿರದಿಂದ ನೋಡಿದರೆ ದುಂಡಗಿರುವುದಿಲ್ಲ, ಮೊಟ್ಟೆಯಾಕಾರ, ಒಳಗೆ ಇಳಿಜಾರು. ಎತ್ತರದ ಬದಿಗೆ ಸ್ಕ್ರೂ ಹಾಕಿ ಬಿಗಿ ಮಾಡಿದರೆ ಅದರ ತಲೆ ಇಳಿಜಾರಿನಲ್ಲಿ ಜಾರುತ್ತದೆ, ಜೊತೆಗೆ ಮೂಳೆಯನ್ನೂ ಎಳೆದುಕೊಂಡು ಬಂದು ಮುರಿದ ಸಂದಿಯನ್ನು ಒತ್ತುತ್ತದೆ. ಇಷ್ಟು ಚಿಕ್ಕ ತೂತಿನಲ್ಲಿ ಇಷ್ಟು ಬುದ್ಧಿ ಇಟ್ಟದ್ದು ನನಗಂತೂ ಯಾವಾಗ ನೆನೆದರೂ ಖುಷಿ ಕೊಡುತ್ತದೆ.

ಮೊಣಕೈಯಿಂದ ಮಣಿಕಟ್ಟಿನವರೆಗಿನ ಎರಡು ಮೂಳೆಗಳು ದೊಡ್ಡವರಲ್ಲಿ ಮುರಿದರೆ ಸಾಮಾನ್ಯವಾಗಿ ಪ್ಲೇಟೇ. ತೀರ್ಥ ತೆಗೆದುಕೊಳ್ಳಲು ಅಂಗೈ ಮೇಲೆ ಮಾಡುತ್ತೀರಿ, ರೊಟ್ಟಿ ತಟ್ಟಲು ಕೆಳಗೆ ಮಾಡುತ್ತೀರಿ. ಹಾಗೆ ಹೊರಳುವಾಗ ಒಂದು ಮೂಳೆ ಇನ್ನೊಂದರ ಸುತ್ತ ತಿರುಗುತ್ತದೆ. ಅದರ ಬಾಗು ಸ್ವಲ್ಪ ತಪ್ಪಿದರೂ ಕೈ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಕೀಲಿನಷ್ಟೇ ಕರಾರುವಾಕ್ಕು ಬೇಕು.

ವಯಸ್ಸಾದವರ ಪೊಳ್ಳು ಮೂಳೆಯದು ಬೇರೆ ಕಥೆ. ಹಳೇ ಮಣ್ಣಿನ ಗೋಡೆಗೆ ಮೊಳೆ ಹೊಡೆದ ಹಾಗೆ, ಸ್ಕ್ರೂ ಹಿಡಿಯುವುದಿಲ್ಲ, ಸುಮ್ನೆ ಸುತ್ತುತ್ತದೆ. ಇದಕ್ಕೆ ಬಂದದ್ದು ಲಾಕಿಂಗ್ ಪ್ಲೇಟ್. ಇದರಲ್ಲಿ ಸ್ಕ್ರೂವಿನ ತಲೆಗೂ ಹಲ್ಲಿರುತ್ತದೆ, ಪ್ಲೇಟಿನ ತೂತಿಗೂ ಹಲ್ಲಿರುತ್ತದೆ. ಎರಡೂ ಕಚ್ಚಿಕೊಂಡು ಒಂದೇ ಚೌಕಟ್ಟಾಗುತ್ತವೆ. ಸಾದಾ ಪ್ಲೇಟಿನಲ್ಲಿ ಸ್ಕ್ರೂಗಳು ಒಂದೊಂದಾಗಿ ಸಡಿಲವಾಗುತ್ತವೆ. ಇಲ್ಲಿ ಕಿತ್ತು ಬರಬೇಕಾದರೆ ಎಲ್ಲವೂ ಒಟ್ಟಿಗೆ ಬರಬೇಕು, ಅದು ಸುಲಭವಲ್ಲ. ಬೆಲೆ ಮಾತ್ರ ಜಾಸ್ತಿ.

ರಾಡು: ಮೂಳೆಯ ಒಳಗಿನ ಊರುಗೋಲು

ಉದ್ದ ಮೂಳೆಗಳು ಬಿದಿರಿನಂತೆ ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಮಜ್ಜೆ ಇರುತ್ತದೆ. ಬಿದಿರಿನ ಗಳು ಮುರಿದರೆ ಹೊರಗಿನಿಂದ ಪಟ್ಟಿ ಕಟ್ಟಬಹುದು, ಇಲ್ಲವೇ ಒಳಗೆ ಕಬ್ಬಿಣದ ಸಲಾಕೆ ತೂರಿಸಬಹುದು. ನಾವು ರಾಡ್ ಅನ್ನುವುದು, ಡಾಕ್ಟರು ನೈಲ್ ಅನ್ನುವುದು ಈ ಸಲಾಕೆಯನ್ನು. ತೊಡೆಮೂಳೆಗೂ ಮೊಣಕಾಲ ಕೆಳಗಿನ ದೊಡ್ಡ ಮೂಳೆಗೂ ನಡುಭಾಗದಲ್ಲಿ ಮುರಿತವಾದರೆ ಮೊದಲ ಆಯ್ಕೆ ಇದೇ. ಭಾರ ಮೂಳೆಯ ನಡುವಿನಲ್ಲೇ ಇಳಿಯುವುದರಿಂದ ರಾಡು ಪ್ಲೇಟಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಮುರಿದ ಜಾಗವನ್ನು ಬಹಳ ಸಲ ತೆರೆಯುವುದೇ ಇಲ್ಲ. ಮೊಣಕಾಲ ಹತ್ತಿರ ಅಥವಾ ಸೊಂಟದ ಹತ್ತಿರ ಸಣ್ಣ ಗಾಯ ಮಾಡಿ, ಅಲ್ಲಿಂದ ಒಳಗೆ ಇಳಿಸುತ್ತಾರೆ. ಮೊದಲ ಹೆಪ್ಪು, ಸುತ್ತಲಿನ ರಕ್ತನಾಳ ಎಲ್ಲ ಇದ್ದ ಹಾಗೇ ಇರುತ್ತವೆ.

ಬರೀ ಸಲಾಕೆ ಇದ್ದರೆ ಮೂಳೆ ಅದರ ಸುತ್ತ ತಿರುಗಬಹುದು, ಜಾರಿ ಗಿಡ್ಡವೂ ಆಗಬಹುದು. ಅದಕ್ಕೇ ಮೇಲೊಂದೆರಡು, ಕೆಳಗೊಂದೆರಡು ಸ್ಕ್ರೂಗಳನ್ನು ಮೂಳೆ ಮತ್ತು ರಾಡು ಎರಡರ ಮೂಲಕ ಅಡ್ಡಡ್ಡ ಹಾಯಿಸುತ್ತಾರೆ, ಬಾಗಿಲಿಗೆ ಅಗುಳಿ ಹಾಕಿದಂತೆ. ಹೆಸರು ಇಂಟರ್‌ಲಾಕಿಂಗ್ ನೈಲ್.

ಈ ರಾಡಿನ ಕಥೆ ಸ್ವಾರಸ್ಯದ್ದು. 1939ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕುಂಟ್ಶರ್ ಎಂಬ ಸರ್ಜನ್ ತೊಡೆಮೂಳೆಯ ಒಳಗೆ ಉಕ್ಕಿನ ರಾಡು ಹಾಕಿದರು. ಮರುವರ್ಷ ಬರ್ಲಿನ್ನಿನ ಸಭೆಯಲ್ಲಿ ಅದನ್ನು ಹೇಳಿದಾಗ, ಮಜ್ಜೆ ಹಾಳಾಗುತ್ತದೆ ಎಂದು ಆಕ್ಷೇಪ ಬಂತು. ಅಷ್ಟರಲ್ಲಿ ಯುದ್ಧ. ಹೊರಗಿನ ದೇಶಗಳಿಗೆ ಈ ಸುದ್ದಿ ಸರಿಯಾಗಿ ಮುಟ್ಟಲೇ ಇಲ್ಲ. ಯುದ್ಧ ಕೈದಿಗಳು ಬಿಡುಗಡೆಯಾಗಿ ತಮ್ಮ ದೇಶಕ್ಕೆ ಬಂದಾಗ ಅಲ್ಲಿನ ಡಾಕ್ಟರುಗಳು ಎಕ್ಸ್-ರೇ ತೆಗೆದು ಬೆಚ್ಚಿಬಿದ್ದರು. ತೊಡೆಯೊಳಗೆ ಉದ್ದಾನುದ್ದ ಲೋಹದ ಸಲಾಕೆ! ಜರ್ಮನ್ನರು ಏನೋ ಪ್ರಯೋಗ ಮಾಡಿದ್ದಾರೆ ಎಂದುಕೊಂಡವರೂ ಇದ್ದರು. ಆದರೆ ಆ ಸೈನಿಕರು ಆರಾಮಾಗಿ ನಡೆಯುತ್ತಿದ್ದರು.

ಅದಕ್ಕೂ ಹಿಂದಿನ ದಾರಿ ಸುಲಭದ್ದಾಗಿರಲಿಲ್ಲ. ಸೋಂಕಿನ ಭಯದಿಂದ ಮೂಳೆ ತೆರೆಯುವ ಧೈರ್ಯವೇ ಯಾರಿಗೂ ಇರಲಿಲ್ಲ. 1877ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿ, ಮುರಿದ ಮೊಣಕಾಲ ಚಿಪ್ಪನ್ನು ಬೆಳ್ಳಿ ತಂತಿಯಿಂದ ಕಟ್ಟಿ ತೋರಿಸಿದರು. 1886ರಲ್ಲಿ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಪ್ಲೇಟಿನ ಬಗ್ಗೆ ಬರೆದರು. ಬೆಲ್ಜಿಯಂನ ಆಲ್ಬಿನ್ ಲಾಂಬೋಟ್ ಈ ವಿದ್ಯೆಗೆ ಒಂದು ಶಿಸ್ತು ತಂದರು. ಈತ ಬಿಡುವಿನಲ್ಲಿ ತನ್ನ ಕೈಯಾರೆ ಪಿಟೀಲು ಮಾಡುತ್ತಿದ್ದವರು! 1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ಮಾರಿಸ್ ಮ್ಯುಲರ್ ಮತ್ತು ಗೆಳೆಯರು, ಒಟ್ಟು 13 ಮಂದಿ ಸೇರಿ ಎಒ ಎಂಬ ಗುಂಪು ಕಟ್ಟಿದರು. ಯಾವ ಸ್ಕ್ರೂಗೆ ಯಾವ ಅಳತೆಯ ತೂತು, ಯಾವ ಮುರಿತಕ್ಕೆ ಯಾವ ಪ್ಲೇಟು ಎಂದು ನಿಯಮ ಮಾಡಿ, ಪ್ರತಿ ಆಪರೇಷನ್ನಿನ ಲೆಕ್ಕ ಇಟ್ಟರು. ನಮ್ಮ ಆಸ್ಪತ್ರೆಗಳ ಟ್ರೇಯಲ್ಲಿರುವ ಸಾಮಾನು ಬಹುಪಾಲು ಅವರ ಅಳತೆಯನ್ನೇ ಹಿಡಿದು ಬಂದದ್ದು.

ತಂತಿಗಳು

ಬೆರಳು, ಮಣಿಕಟ್ಟು, ಮಕ್ಕಳ ಮೊಣಕೈಯಂಥ ಸಣ್ಣ ಜಾಗಕ್ಕೆ ಚೂಪು ತುದಿಯ ತೆಳು ಕಡ್ಡಿ ಸಾಕು. ಇದು ಕೆ-ವೈರ್, ಜರ್ಮನಿಯ ಮಾರ್ಟಿನ್ ಕಿರ್ಷ್ನರ್ ಅವರ ಹೆಸರಿನದು. ಸೀಬೆ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡ ಮಗುವಿಗೆ ಎರಡು ಮೂರು ಕೆ-ವೈರ್ ಹಾಕಿ ತುದಿಯನ್ನು ಚರ್ಮದ ಹೊರಗೇ ಬಿಟ್ಟಿರುತ್ತಾರೆ. ಮೂರು ನಾಲ್ಕು ವಾರಕ್ಕೆ ಒಪಿಡಿಯಲ್ಲೇ ಎಳೆದು ತೆಗೆಯುತ್ತಾರೆ. ಮಕ್ಕಳ ಮೂಳೆ ತುದಿಯಲ್ಲಿ ಬೆಳೆಯುವ ಪದರ ಇರುವುದರಿಂದ ಅಲ್ಲಿ ಹಲ್ಲಿನ ಸ್ಕ್ರೂ ಹಾಯಿಸದೆ ನುಣುಪು ಕಡ್ಡಿ ಹಾಕುತ್ತಾರೆ.

ಮೊಣಕಾಲ ಚಿಪ್ಪಿನದು ಇನ್ನೊಂದು ಜಾಣತನ. ಚಿಪ್ಪು ಅಡ್ಡ ಮುರಿದರೆ ಮೊಣಕಾಲು ಮಡಚಿದ ಹಾಗೆಲ್ಲ ಮುಂಭಾಗ ಬಾಯಿ ಬಿಡುತ್ತದೆ. ಆ ಮುಂಭಾಗಕ್ಕೆ ತಂತಿಯನ್ನು ಎಂಟರ ಆಕಾರದಲ್ಲಿ ಬಿಗಿಯುತ್ತಾರೆ. ಈಗ ಮಡಚಿದರೆ ಮುಂದೆ ಬಾಯಿ ಬಿಡಲು ದಾರಿ ಇಲ್ಲ, ಆ ಬಲವೇ ಹಿಂಭಾಗವನ್ನು ಒತ್ತುತ್ತದೆ. ಕೀಳುವ ಬಲವನ್ನೇ ಕೂಡಿಸುವ ಬಲ ಮಾಡಿದಂತಾಯಿತು. ಟೆನ್ಷನ್ ಬ್ಯಾಂಡ್ ಅನ್ನುವುದು ಇದಕ್ಕೇ.

ಅಜ್ಜಿಯ ಸೊಂಟ

‘ಸೊಂಟ ಮುರಿದಿದೆ’ ಅಂದರೆ ಬಹಳ ಸಲ ತೊಡೆಮೂಳೆಯ ಮೇಲ್ತುದಿ ಮುರಿದಿದೆ ಎಂದರ್ಥ. ಎಲ್ಲಿ ಎನ್ನುವುದು ಇಲ್ಲಿ ತುಂಬ ಮುಖ್ಯ. ಮೂಳೆಯ ಚೆಂಡಿಗೂ ಕಾಂಡಕ್ಕೂ ನಡುವಿನ ಕುತ್ತಿಗೆ ಮುರಿದು ಸರಿದರೆ ಚೆಂಡಿಗೆ ಹೋಗುವ ರಕ್ತ ನಿಂತುಹೋಗಬಹುದು. ರಕ್ತ ಇಲ್ಲದ ಮೂಳೆಗೆ ಎಷ್ಟು ಸ್ಕ್ರೂ ಹಾಕಿ ಏನು ಪ್ರಯೋಜನ? ಅದಕ್ಕೇ ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆ ಚೆಂಡನ್ನೇ ತೆಗೆದು ಲೋಹದ ಚೆಂಡು ಹಾಕುತ್ತಾರೆ. ಕುತ್ತಿಗೆಗಿಂತ ಸ್ವಲ್ಪ ಕೆಳಗೆ ಮುರಿದಿದ್ದರೆ ಅಲ್ಲಿ ರಕ್ತ ಧಾರಾಳ. ಅಲ್ಲಿ ಪ್ಲೇಟಿಗೆ ಜೋಡಿಸಿದ ಜಾರುವ ಸ್ಕ್ರೂ, ಇಲ್ಲವೇ ಪಿಎಫ್ಎನ್ ಎಂದು ಕರೆಯುವ ಗಿಡ್ಡ ರಾಡು ಹಾಕುತ್ತಾರೆ. ಹೆಜ್ಜೆ ಇಟ್ಟಾಗ ಆ ಸ್ಕ್ರೂ ಸ್ವಲ್ಪ ಜಾರಿ, ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳಲು ಬಿಡುತ್ತದೆ.

‘ಇಷ್ಟು ವಯಸ್ಸಿಗೆ ಆಪರೇಷನ್ ಬೇಕಾ, ಮಲಗಿರಲಿ ಬಿಡಿ’ ಅನ್ನುವವರು ಇರುತ್ತಾರೆ. ಕಾಳಜಿಯ ಮಾತೇ. ಆದರೆ ವಯಸ್ಸಾದವರಿಗೆ ಮಲಗುವುದೇ ದೊಡ್ಡ ಅಪಾಯ. ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎಲ್ಲ ಹಾಸಿಗೆಯ ಹಿಂದೆಯೇ ಬರುತ್ತವೆ. ಅದಕ್ಕೇ ಹೃದಯ, ಶುಗರ್ ಎಲ್ಲ ನೋಡಿಕೊಂಡು, ಆದರೆ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ, ಮರುದಿನವೇ ವಾಕರ್ ಹಿಡಿಸಿ ಎಬ್ಬಿಸಲು ನೋಡುತ್ತಾರೆ.

ಥಿಯೇಟರಿನೊಳಗೆ

ಕಾಲಿನ ಆಪರೇಷನ್ನಿಗೆ ಬಹಳ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರಬಹುದು. ನೋವಿರುವುದಿಲ್ಲ, ಶಬ್ದ ಮಾತ್ರ ಕೇಳುತ್ತದೆ: ಡ್ರಿಲ್ಲು, ಸುತ್ತಿಗೆ, ಸ್ಪ್ಯಾನರಿನಂಥದ್ದು. ಬಡಗಿ ಅಂಗಡಿಯಲ್ಲಿ ಮಲಗಿದ ಹಾಗಿತ್ತು ಅಂತ ಆಮೇಲೆ ಹೇಳುವವರು ಕಡಿಮೆಯಿಲ್ಲ. ಮೊದಲೇ ಗೊತ್ತಿದ್ದರೆ ಹೆದರಿಕೆ ಇರುವುದಿಲ್ಲ.

ಗಾಯ ಮಾಡುವ ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟಿರುತ್ತಾರೆ. ಮೇಜಿನ ಮೇಲೆ ಬಾಗಿದ ಇಂಗ್ಲಿಷ್ ಸಿ ಅಕ್ಷರದ ಯಂತ್ರ ಇರುತ್ತದೆ, ಅದು ಸಿ-ಆರ್ಮ್. ಕ್ಷಣಕ್ಷಣದ ಎಕ್ಸ್-ರೇಯನ್ನು ಟಿವಿಯಲ್ಲಿ ತೋರಿಸುತ್ತದೆ. ಸರ್ಜನ್ ಕಣ್ಣು ಬಹುಪಾಲು ಆ ಟಿವಿಯ ಮೇಲೇ. ಎಳೆದು, ತಿರುಗಿಸಿ ಮೂಳೆಯನ್ನು ಜಾಗಕ್ಕೆ ತರುತ್ತಾರೆ. ಆಮೇಲೆ ತೂತು ಕೊರೆದು, ಆಳ ಅಳೆದು, ಆ ಅಳತೆಯ ಸ್ಕ್ರೂ ಹಾಕುತ್ತಾರೆ. ರಾಡು ಹಾಕುವುದಾದರೆ ಮೂಳೆಯ ಟೊಳ್ಳನ್ನು ಅರ್ಧರ್ಧ ಮಿಲಿಮೀಟರಿನಂತೆ ಅಗಲ ಮಾಡುತ್ತಾ ಹೋಗುತ್ತಾರೆ.

ಚರ್ಮ ಹರಿದು ಮಣ್ಣು ಮೆತ್ತಿದ ಮೂಳೆಗೆ ಕ್ರಮವೇ ಬೇರೆ. ಮೊದಲು ತೊಳೆಯುವುದು, ಸತ್ತ ಮಾಂಸ ತೆಗೆಯುವುದು. ಗಾಯ ಹೊಲಸಾಗಿದ್ದರೆ ತಾತ್ಕಾಲಿಕವಾಗಿ ಹೊರಗಿನಿಂದ ಸರಳು ಹಾಕಿ ಹಿಡಿದಿಟ್ಟು, ಶುದ್ಧವಾದ ಮೇಲೆ ಒಳಗಿನ ರಾಡು. ಇಂಥ ಕಾಲನ್ನು ಉಳಿಸಬಹುದೇ ಎಂದು ಅಂಕ ಹಾಕಿ ನಿರ್ಧರಿಸುವ ಒಂದು ಪದ್ಧತಿಯನ್ನು ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರೇ ರೂಪಿಸಿದ್ದಾರೆ.

ಸ್ಟೀಲೋ ಟೈಟಾನಿಯಮ್ಮೋ?

ಕೌಂಟರಿನಲ್ಲಿ ಹೆಚ್ಚು ತಲೆ ಕೆಡಿಸುವ ಪ್ರಶ್ನೆ. ಎರಡೂ ದೇಹಕ್ಕೆ ಒಗ್ಗುವ ಲೋಹಗಳೇ. ಟೈಟಾನಿಯಂ ಹಗುರ, ಸ್ಟೀಲಿಗಿಂತ ಸುಮಾರು ಅರ್ಧದಷ್ಟೇ ಪೆಡಸು, ಹಾಗಾಗಿ ಮೂಳೆಯ ಗುಣಕ್ಕೆ ಸ್ವಲ್ಪ ಹತ್ತಿರ. ನಿಕಲ್ ಅಲರ್ಜಿ ಇದ್ದವರಿಗೆ ಒಳ್ಳೆಯದು. ಎಂಆರ್‌ಐಯಲ್ಲಿ ಚಿತ್ರ ಕಡಿಮೆ ಕೆಡುತ್ತದೆ. ಸ್ಟೀಲು ಅಗ್ಗ, ಗಟ್ಟಿ, ಮತ್ತೆ ತೆಗೆಯುವುದು ಸುಲಭ. ಟೈಟಾನಿಯಂ ಮೇಲೆ ಮೂಳೆ ಹತ್ತಿಕೊಂಡು ಬೆಳೆಯುವುದರಿಂದ ತೆಗೆಯುವಾಗ ಹಟ ಮಾಡುತ್ತದೆ. ಸಾದಾ ಮುರಿತವೊಂದಕ್ಕೆ ಸ್ಟೀಲು ಹಾಕಿದರು ಅಂತ ಕಳಪೆ ಚಿಕಿತ್ಸೆ ಆಯಿತು ಎಂದುಕೊಳ್ಳಬೇಕಿಲ್ಲ. ಲೋಹಕ್ಕಿಂತ ಅದನ್ನು ಹಾಕಿದ ಕೈ ದೊಡ್ಡದು. ಹಾಕಿದ ಸಾಮಾನಿನ ಕಂಪನಿ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದದ ಜೊತೆ ಇಸಿದುಕೊಳ್ಳಿ. ಮುಂದೆ ಎಂಆರ್‌ಐ ಮಾಡಿಸುವಾಗಲೋ ತೆಗೆಸುವಾಗಲೋ ಅದೇ ಗತಿ.

ಲೋಹಕ್ಕೂ ಮೂಳೆಗೂ ಓಟದ ಪಂದ್ಯ

ಗಟ್ಟಿ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ. ಇಪ್ಪತ್ತನೇ ಸಲಕ್ಕೋ ಮೂವತ್ತನೇ ಸಲಕ್ಕೋ ಟಪ್ ಎಂದು ತುಂಡಾಗುತ್ತದೆ. ಮೂಳೆಯೊಳಗಿನ ಲೋಹವೂ ಹೀಗೇ ದಣಿಯುತ್ತದೆ. ದಿನಕ್ಕೆ 5000 ಹೆಜ್ಜೆ ಎಂದರೆ ಒಂದು ಕಾಲಿನ ಪಾಲಿಗೆ ತಿಂಗಳಿಗೆ 75,000 ಬಾರಿ ಬಗ್ಗಿ ಎದ್ದಂತೆ. ಅಷ್ಟರಲ್ಲಿ ಮೂಳೆ ಕೂಡುತ್ತಾ ಬಂದು ಭಾರವನ್ನು ತಾನು ಹೊರಲು ಶುರು ಮಾಡಬೇಕು. ಮೂಳೆ ಗೆದ್ದರೆ ಲೋಹಕ್ಕೆ ಕೆಲಸವಿಲ್ಲ. ಮೂಳೆ ಹಿಂದೆ ಬಿದ್ದರೆ ಎಂಥ ದುಬಾರಿ ಪ್ಲೇಟಾದರೂ ಒಂದು ದಿನ ಮುರಿಯುತ್ತದೆ. ‘ಪ್ಲೇಟ್ ಕಟ್ ಆಯ್ತು, ಡೂಪ್ಲಿಕೇಟ್ ಮಾಲು’ ಅನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಕೂಡದ ಮೂಳೆ.

‘ಕಾಲು ಊರಬೇಡಿ’, ‘ಅರ್ಧ ಭಾರ ಮಾತ್ರ ಹಾಕಿ’ ಅನ್ನುವ ಸೂಚನೆಗಳು ಈ ಪಂದ್ಯದ ನಿಯಮಗಳು. ರಾಡು ಹಾಕಿದವರಿಗೆ ಬೇಗ ನಡೆಯಲು ಬಿಡಬಹುದು, ಕೀಲಿನ ಬಳಿ ಪ್ಲೇಟು ಹಾಕಿದವರಿಗೆ 6ರಿಂದ 12 ವಾರ ಕಾಯಿಸಬಹುದು. ಪಕ್ಕದ ಮನೆಯವರು ಹದಿನೈದು ದಿನಕ್ಕೇ ನಡೆದರು ಅಂತ ನೀವೂ ಹೊರಟರೆ ಕಷ್ಟ, ಅವರ ಮುರಿತ ಬೇರೆ. ಭಾರ ಹಾಕಬೇಡಿ ಎಂದರೆ ಅಲುಗಾಡಿಸಬೇಡಿ ಎಂದಲ್ಲ, ಇದು ಬಹಳ ಜನ ತಪ್ಪು ತಿಳಿಯುವ ವಿಷಯ. ಡಾಕ್ಟರು ಬೇಡ ಅನ್ನದಿದ್ದರೆ ಕೀಲು ಮಡಚುವ, ಬೆರಳಾಡಿಸುವ ವ್ಯಾಯಾಮ ಮೊದಲ ದಿನಗಳಲ್ಲೇ ಶುರುವಾಗಬೇಕು. ಒಳಗೆ ಲೋಹ ಹಾಕಿದ್ದೇ ಹೊರಗೆ ಕೀಲು ಆಡಲಿ ಅಂತ.

ಪಂದ್ಯದಲ್ಲಿ ಮೂಳೆಯ ಕಾಲೆಳೆಯುವವರಲ್ಲಿ ಮೊದಲನೆಯದು ಬೀಡಿ ಸಿಗರೇಟು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ತಂಬಾಕು ಜಗಿದರೂ ನಿಕೋಟಿನ್ ಒಳಗೆ ಹೋಗುವುದೇ. ಎರಡನೆಯದು ಹತೋಟಿ ತಪ್ಪಿದ ಶುಗರ್. ಮೂರನೆಯದು ಸೋಂಕು. ನೀರು ಹಿಡಿದಿಟ್ಟ ಬಿಂದಿಗೆಯ ಒಳಮೈ ನಾಲ್ಕು ದಿನಕ್ಕೆ ಲೋಳೆ ಲೋಳೆ ಆಗುತ್ತದಲ್ಲ, ಲೋಹದ ಮೇಲೂ ರೋಗಾಣುಗಳು ಅಂಥದೇ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ಅದರೊಳಕ್ಕೆ ಔಷಧಿ ಸುಲಭವಾಗಿ ಇಳಿಯುವುದಿಲ್ಲ. ಗಾಯ ಕೆಂಪಗಾಗಿ ಬಿಸಿಯಾದರೆ, ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ತೋರಿಸಬೇಕು.

ಇನ್ನು ಕಾಲು ಸೂಪು. ಮೇಕೆ ಕಾಲಿನ ಸೂಪು ಬಾಯಿಗೆ ರುಚಿ, ಆದರೆ ಮೂಳೆ ಬೇಯಿಸಿದ ನೀರಿಗೆ ಇಳಿಯುವ ಕ್ಯಾಲ್ಸಿಯಂ ಅಲ್ಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಹಾಲು, ಮೊಟ್ಟೆ, ಬೇಳೆ, ಸೊಪ್ಪು, ಜೊತೆಗೆ ಸ್ವಲ್ಪ ಬಿಸಿಲು ಇದ್ದರೆ ಸೂಪು ಆಸೆಗಷ್ಟೇ ಸಾಕು.

ತೆಗೆಸಬೇಕೇ?

ಕೂಡಿದ ಮೇಲೆ ಲೋಹ ಒಳಗಿದ್ದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ತೆಗೆಯುವುದೂ ಒಂದು ಆಪರೇಷನ್ನೇ, ಅದಕ್ಕೂ ಅಪಾಯ, ಖರ್ಚು ಇದ್ದೇ ಇದೆ. ಚರ್ಮದಡಿ ಚುಚ್ಚುತ್ತಿದ್ದರೆ, ಸೋಂಕಾಗಿದ್ದರೆ ತೆಗೆಸುತ್ತಾರೆ. ಬೆಳೆಯುವ ಮಕ್ಕಳಲ್ಲಿ ಬಹಳ ಸಲ ತೆಗೆಯುತ್ತಾರೆ. ವಿಮಾನ ನಿಲ್ದಾಣದ ಯಂತ್ರ ಕೂಗಬಹುದು, ಕೂಗದೆಯೂ ಇರಬಹುದು. ಕೂಗಿದರೆ ಸಿಬ್ಬಂದಿಗೆ ಹೇಳಿದರಾಯಿತು, ಅವರಿಗೆ ಇದು ಹೊಸದಲ್ಲ.

ತೆಗೆಸಿದವರು ಒಂದು ವಿಷಯ ಮರೆಯುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಹೊರಗೆ ಎಲ್ಲ ಸರಿಹೋದಂತೆ ಕಾಣುತ್ತದೆ. ಆದರೆ ಸ್ಕ್ರೂ ಇದ್ದ ಜಾಗಗಳಲ್ಲಿ ಮೂಳೆಗೆ ಸಾಲಾಗಿ ತೂತುಗಳಿವೆ, ಸಾಲು ತೂತು ಹೊಡೆದ ಕಾಗದ ಅಲ್ಲೇ ಹರಿಯುವಂತೆ ಮೂಳೆಯೂ ಅಲ್ಲೇ ಮತ್ತೆ ಮುರಿಯಬಹುದು. ಆ ತೂತುಗಳನ್ನು ಮೂಳೆ ತಾನೇ ತುಂಬಿಕೊಳ್ಳುತ್ತದೆ, ಅದಕ್ಕೆ ಕೆಲವು ತಿಂಗಳು ಬೇಕು. ಅಷ್ಟು ದಿನ ಕಬಡ್ಡಿ ಬೇಡ, ಗಾಡಿಗೆ ಕಿಕ್ ಹೊಡೆಯುವುದೂ ಬೇಡ.